ಇಂಟೇಕ್ ಪೈಪಿನ ಡೆಂಟ್: ಟಿಂಕರಿಂಗ್ ಮೇಸ್ತ್ರಿಗೆ ಕೇಳಿ

ಸಕಲೇಶಪುರ ಜೀಪು: ಮೇಸ್ತ್ರಿ, ನಮಸ್ಕಾರ. ಏರ್ ಫಿಲ್ಟರ್‌ನಿಂದ ಎಂಜಿನ್‌ಗೆ ಹೋಗೋ ಕಬ್ಬಿಣದ ಪೈಪ್ ಬಿಚ್ಚಿಟ್ಟಿದ್ದೆ, ಅದರ ಮೇಲೆ ಜಾಕ್ ಬಿತ್ತು. ಹೆಬ್ಬೆರಳು ಕೂರುವಷ್ಟು ತಗ್ಗು. ಮನೇಲೇ ಎತ್ತಬಹುದಾ?

ಮೇಸ್ತ್ರಿ: ಪೈಪ್ ಎಷ್ಟು ದಪ್ಪ, ತಗ್ಗು ಎಷ್ಟು ಆಳ? ರಬ್ಬರ್ ಹೋಸ್ ಕೂರೋ ತುದೀಲಿದ್ಯಾ, ನಡುವೆನಾ?

ಸಕಲೇಶಪುರ ಜೀಪು: ನಡುವೆ. 60 ಎಂಎಂ ಪೈಪು, ಆಳ 4 ಎಂಎಂ.

ಮೇಸ್ತ್ರಿ: ಹಾಗಾದ್ರೆ ಹಾಗೇ ಹಾಕಿ ಓಡಿಸಿ. ಗಾಳಿಗೆ ಅದು ಲೆಕ್ಕಕ್ಕೇ ಇಲ್ಲ. ಹೋಸ್ ಕೂರೋ ಜಾಗದಲ್ಲಿದ್ರೆ ಮಾತ್ರ ಸಂದಿಯಿಂದ ಧೂಳು ಎಳೆಯುತ್ತೆ, ಅದನ್ನ ಬಿಡಬಾರದು. ಕಣ್ಣಿಗೆ ಚುಚ್ಚುತ್ತೆ ಅಂದ್ರೆ ಲೇತ್‌ನಲ್ಲಿ ಗಟ್ಟಿ ಮರದ ಗುಂಡು ಮಾಡಿಸಿ, ಮೊಟ್ಟೆ ಥರ, ಪೈಪಿನ ಒಳಅಳತೆಗಿಂತ ಕೂದಲೆಳೆ ಕಡಿಮೆ. ನಡುವೆ ತೂತು ಕೊರೆದು ಥ್ರೆಡ್ ರಾಡ್ ಹಾಕಿ, ಗ್ರೀಸ್ ಸವರಿ, ನಟ್ ತಿರುಗಿಸ್ತಾ ಎಳೀರಿ. ಗುಂಡು ತಗ್ಗಿಗೆ ಸಿಕ್ಕಿ ನಿಂತಾಗ ಹೊರಗಿಂದ ಕೊಡತೀಲಿ ತಟ್ಟಿ. ತಗ್ಗಿನ ನಡುವೆ ಅಲ್ಲ, ಸುತ್ತ ಉಬ್ಬಿರೋ ಅಂಚಿನ ಮೇಲೆ. ಆಮೇಲೆ ಒಳಗೆ ಸೋಪುನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ.

ದಾವಣಗೆರೆ ವ್ಯಾನ್: ಗ್ರೂಪಲ್ಲಿ ಬಂದಿದ್ದು: "ಪೈಪಿಗೆ ನೀರು ತುಂಬಿ ಎರಡೂ ಕಡೆ ಮುಚ್ಚಿ ರಾತ್ರಿ ಫ್ರೀಜರ್‌ನಲ್ಲಿಡಿ. ಬೆಳಗ್ಗೆ ಡೆಂಟ್ ಮಾಯ. ಎಲ್ಲರಿಗೂ ಕಳಿಸಿ."

ಮೇಸ್ತ್ರಿ: ನೀರು ಗಡ್ಡೆ ಕಟ್ಟಿದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತೆ, ನಿಜ. ಆದ್ರೆ ನಿಮ್ಮ ಡೆಂಟ್ ಎಲ್ಲಿದೆ ಅಂತ ಅದಕ್ಕೇನು ಗೊತ್ತು? ಎಲ್ಲಿ ಸಡಿಲವೋ ಅಲ್ಲಿಗೆ ನುಗ್ಗುತ್ತೆ. ಮುಚ್ಚಳ ಕೀಳುತ್ತೆ, ಇಲ್ಲ ವೆಲ್ಡಿಂಗ್ ಬಾಯಿ ಬಿಡುತ್ತೆ. ಬೇಡ.

ಹುಬ್ಬಳ್ಳಿ ಸೆಡಾನ್: ಪಂಕ್ಚರ್ ಅಂಗಡಿ ಕಂಪ್ರೆಸರ್ ಹಚ್ಚಿದ್ರ ಹೆಂಗ್ರಿ ಮೇಸ್ತ್ರಿ? ಎರಡೂ ಬಾಯಿಗೆ ಕಟಗಿ ಬಿರಡಿ ಬಡದು.

ಮೇಸ್ತ್ರಿ: 60 ಎಂಎಂ ಬಾಯಿ ಅಂದ್ರೆ 28 ಚದರ ಸೆಂಟಿಮೀಟರ್. ಕಂಪ್ರೆಸರ್ ಚದರ ಸೆಂಟಿಮೀಟರ್‌ಗೆ 8 ಕೆಜಿ ಒತ್ತಿದ್ರೆ ಬಿರಡೆ ಮೇಲೆ 220 ಕೆಜಿಗೂ ಹೆಚ್ಚು ತಳ್ಳು. ಎದುರಿಗೆ ಯಾರನ್ನ ನಿಲ್ಲಿಸ್ತೀರಿ?

ಮೈಸೂರು ಹ್ಯಾಚ್‌ಬ್ಯಾಕ್: ಸರ್, ನಂದು ಪ್ಲಾಸ್ಟಿಕ್ ಪೈಪ್. ಬಿಸಿನೀರಲ್ಲಿಟ್ರೆ ಸರಿಹೋಗುತ್ತಾ?

ದಾವಣಗೆರೆ ವ್ಯಾನ್: ಡೆಂಟ್ ತೆಗೆಸಿದ್ಮೇಲೆ ನಂಗೆ ಲೀಟರ್‌ಗೆ 3 ಕಿಮೀ ಜಾಸ್ತಿ ಬಂದಿದೆ. ಲೆಕ್ಕಕ್ಕೇ ಇಲ್ಲ ಅಂದ್ರೆ ಹೆಂಗೆ?

ಹುಬ್ಬಳ್ಳಿ ಸೆಡಾನ್: ಅವತ್ತೇ ಟೈರಿಗೆ ಗಾಳಿನೂ ಹಾಕಿಸಿರಬೇಕು ನೀವು.

ದಾವಣಗೆರೆ ವ್ಯಾನ್: ನಾನೇನು ಸುಳ್ಳು ಹೇಳ್ತಿದೀನಾ?

ಹುಬ್ಬಳ್ಳಿ ಸೆಡಾನ್: ಸುಳ್ಳು ಅಂದೆನೇನ್ರಿ? ಟೈರು ಅಂದೆ.

ಪುತ್ತೂರು ಪಿಕಪ್: ಮೇಸ್ತ್ರಿ, ಟರ್ಬೊ ಡೀಸೆಲ್ ಗಾಡಿ. ಫಿಲ್ಟರ್‌ಗೂ ಟರ್ಬೊಗೂ ನಡುವೆ ಕ್ರೋಮ್ ಪೈಪ್ ಹಾಕಿಸಿದ್ದೆ. ಡೆಂಟ್ ಆಯ್ತು. ಬಿಚ್ಚುವುದು ಯಾಕೆ ಅಂತ ಫಿಲ್ಟರ್ ಕಡೆಯಿಂದ ರಾಡ್ ತೂರಿಸಿ ಒಳಗಿಂದಲೇ ಬಡಿದೆ ಮಾರಾಯ್ರೆ. ಡೆಂಟ್ ಹೋಯ್ತು. ಈಗ ಶಿರಾಡಿ ಹತ್ತುವಾಗ ಸೀಟಿ ಹೊಡೆದ ಹಾಗೆ ಶಬ್ದ. ಪೈಪೊಳಗೆ ಬೆರಳಾಡಿಸಿದರೆ ಮೀನಿನ ಹುರುಪೆಯಂಥ ಚೂರು ಹತ್ತುತ್ತದೆ. ನಾಳೆ ಹಾಸನಕ್ಕೆ ಲೋಡ್ ಉಂಟು.

ಮೇಸ್ತ್ರಿ: ಗಾಡಿ ಸ್ಟಾರ್ಟ್ ಮಾಡಬೇಡಿ. ಶೆಡ್ಡಿಂದ ಹೊರಗೆ ತೆಗೆಯೋಕೂ ಬೇಡ, ತಳ್ಳಿ.

ಧೂಳು ತಡೆಯೋದು ಫಿಲ್ಟರ್. ಅದನ್ನ ದಾಟಿದ್ಮೇಲೆ ಹುರುಪೆಯನ್ನ ತಡೆಯೋರು ಯಾರೂ ಇಲ್ಲ. ಮುಂದಿರೋದು ಎಂಜಿನ್‌ಗೆ ಗಾಳಿ ಒತ್ತಿ ತುಂಬೋ ಟರ್ಬೊ ಚಕ್ರ, ತೆಳು ಅಲ್ಯೂಮಿನಿಯಂ ಎಲೆಗಳು, ನಿಮಿಷಕ್ಕೆ ಲಕ್ಷ ಸುತ್ತಿನ ಮೇಲೆ ತಿರುಗುತ್ತೆ. ಒಂದು ಎಲೆ ಮುಕ್ಕಾದ್ರೂ ತೂಕ ತಪ್ಪಿ ಬೇರಿಂಗ್ ತಿನ್ನುತ್ತೆ, ಆಯಿಲ್ ಒಳಕ್ಕೆ ಸೋರುತ್ತೆ. ಡೀಸೆಲ್ ಎಂಜಿನ್ ಆ ಆಯಿಲನ್ನೇ ಕುಡಿದು ಓಡೋಕೆ ಶುರುಮಾಡಿದ್ರೆ ಕೀ ತೆಗೆದ್ರೂ ನಿಲ್ಲಲ್ಲ.

ಪೈಪ್ ಬಿಚ್ಚಿ, ಎಂಜಿನ್ ತಣ್ಣಗಿದ್ದಾಗ ಟರ್ಬೊ ಬಾಯಿಗೆ ಟಾರ್ಚ್ ಬಿಡಿ. ಎಲೆ ಅಂಚು ಒಂದೊಂದೇ ನೋಡಿ. ಬೆರಳಲ್ಲಿ ತಿರುಗಿಸಿ, ಎಲ್ಲೂ ಉಜ್ಜಬಾರದು. ಪಕ್ಕಕ್ಕೆ ಒಂಚೂರು ಅಲ್ಲಾಡೋದು ಇರುತ್ತೆ, ಹಿಂದೆ ಮುಂದೆ ಅಲ್ಲಾಡೋದು ಕೈಗೆ ಸಿಗಬಾರದು.

ಪೈಪ್ ಎಲ್ಲೋ ಸೀಳಿರಬೇಕು, ಸೀಟಿ ಅದರದ್ದೇ ಇರಬಹುದು. ಎಂಜಿನ್ ಓಡಿಸಿ ಸೋಪುನೊರೆ ಹಚ್ಚಿ ಹುಡುಕೋಕೆ ಹೋಗಬೇಡಿ, ಆ ಪೈಪ್ ಗಾಳಿ ಊದಲ್ಲ, ಎಳೆಯುತ್ತೆ. ಕತ್ತಲಲ್ಲಿ ಒಳಗೆ ಟಾರ್ಚ್ ಇಟ್ಟು ಎಲ್ಲಿಂದ ಬೆಳಕು ಬರುತ್ತೆ ನೋಡಿ. ಹೇಗೂ ಆ ಪೈಪ್ ಗುಜರಿಗೆ. ಕ್ರೋಮ್ ಹೊರಗೆ ಚೆನ್ನಾಗಿ ಹಿಡಿದಿರುತ್ತೆ, ಒಳಗೆ ಬಾಯಿ ಹತ್ತಿರ ಅರೆಬರೆ. ಏಟು ಬಿದ್ರೆ ಅದೇ ಮೊದಲು ಏಳೋದು. ಒಂದು ಸಲ ಎದ್ದಿದ್ದು ಇನ್ನೂ ಏಳ್ತಾ ಇರುತ್ತೆ.

ಬೆಳಗಾವಿ ಬೊಲೆರೊ: ಅಲ್ಯೂಮಿನಿಯಂ ಪೈಪ್ ಕೆಂಪಗ ಆಗೂತನಕ ಕಾಸಿ ಬಡದ್ರ ಆತು ಅಂತ ವಿಡಿಯೋ ಬಂದೈತಿ ನೋಡ್ರಿ.

ಮೇಸ್ತ್ರಿ: ಅದು ಕೆಂಪಗಾಗೋದು ಕಾಣೋಕ್ಕಿಂತ ಮುಂಚೆ ಕರಗಿ ಕೆಳಗೆ ಬಿದ್ದಿರುತ್ತೆ, 660 ಡಿಗ್ರಿಗೆ. ಎರಕದ ಪೈಪ್ ಆದ್ರೆ ಬಡಿದ ಕಡೆ ಬಿರುಕು. ವಿಡಿಯೋ ಮಾಡಿದವನನ್ನೇ ಕೇಳಿ.

ದಾವಣಗೆರೆ ವ್ಯಾನ್: ಹೇರ್ ಡ್ರೈಯರ್ ಬಿಸಿ, ಮೇಲೆ ಐಸ್?

ಮೇಸ್ತ್ರಿ: ಇಲ್ಲ.

ಕೋಲಾರ ಕಾರು: ಫ್ರೀಜರ್‌ನಲ್ಲಿ ಇಟ್ರೆ ಆಗುತ್ತಾ ಅಣ್ಣಾ?

ಮೇಸ್ತ್ರಿ: ಮೇಲೆ ಓದಿ.

ಕೋಲಾರ ಕಾರು: ಓದಿದೆ. ಒಂದೇ ರಾತ್ರಿ ಇಟ್ರೂ ಆಗಲ್ವಾ?

ಹುಬ್ಬಳ್ಳಿ ಸೆಡಾನ್: ವ್ಯಾನ್‌ನವ್ರು ಕಳಿಸಿದ್ದು ನೋಡ್ರಿ ಎಲ್ಲಿಗೆ ಮುಟ್ಟೇತಿ.

ದಾವಣಗೆರೆ ವ್ಯಾನ್: ಒಳ್ಳೇದಾಗ್ಲಿ ಅಂತ ಹಾಕಿದ್ದು. ಇಷ್ಟ ಇಲ್ದಿದ್ರೆ ಗ್ರೂಪ್ ಬಿಡ್ತೀನಿ.

ಹುಬ್ಬಳ್ಳಿ ಸೆಡಾನ್: ಬಿಡೂಮುಂದ ಟೈರ್ ಗಾಳಿ ಚೆಕ್ ಮಾಡ್ಕೋರಿ.

ಪುತ್ತೂರು ಪಿಕಪ್: ನೋಡಿದೆ ಮೇಸ್ತ್ರಿ. ಒಂದು ಎಲೆಯ ತುದಿ ಉಗುರು ಕಚ್ಚಿದ ಹಾಗೆ ಹೋಗಿದೆ. ಉಜ್ಜುವುದಿಲ್ಲ. ಲೋಡನ್ನು ತಮ್ಮನ ಗಾಡಿಗೆ ಕೊಟ್ಟೆ.

ಮೇಸ್ತ್ರಿ: ಒಳ್ಳೇದು. ಟರ್ಬೊ ಬಿಚ್ಚಿಸಿ ಕೆಲಸ ಬಲ್ಲವರಿಗೆ ತೋರಿಸಿ. ಮುಕ್ಕಾದ ಚೂರು ಮುಂದಕ್ಕೇ ಹೋಗಿರೋದು. ಟರ್ಬೊದಿಂದ ಬರೋ ಗಾಳೀನ ತಣ್ಣಗೆ ಮಾಡೋ ಇಂಟರ್‌ಕೂಲರ್ ಇಳಿಸಿ ತೊಳೆಸದೆ ಸ್ಟಾರ್ಟ್ ಇಲ್ಲ. ಇವತ್ತಿಗೆ ಸಾಕು, ಅಂಗಡಿ ತೆಗೀಬೇಕು.

ಮೈಸೂರು ಹ್ಯಾಚ್‌ಬ್ಯಾಕ್: ಸರ್, ನನ್ನ ಪ್ಲಾಸ್ಟಿಕ್ ಪೈಪ್?