ಹೆಬ್ರಿ ಕಾಡೆಲ್ಲ ನಕ್ಷೆಯಲ್ಲಿ ಕಡಿದ ಹಾಗೆ ಕಾಣುತ್ತಿದೆ, ಎಲ್ಲಿ ತಪ್ಪಿದೆ?

ಕಾಡುದಾರಿ (ಉಡುಪಿ):
ನಮಸ್ಕಾರ. ಹೆಬ್ರಿ, ಸೋಮೇಶ್ವರ, ಕಾರ್ಕಳ ಭಾಗದಲ್ಲಿ ಕಾಡು ಎಷ್ಟು ಕಡಿಮೆಯಾಗಿದೆ, ಅದರ ಜೊತೆ ಎಷ್ಟು ಇಂಗಾಲ ಹೋಗಿದೆ ಎಂದು ಲೆಕ್ಕ ಹಾಕಲು ಹೊರಟಿದ್ದೇನೆ. ಸೆಂಟಿನೆಲ್-2 ಉಪಗ್ರಹದ ಎರಡು ಚಿತ್ರ ತೆಗೆದುಕೊಂಡೆ. ಒಂದು 2021ರ ಫೆಬ್ರವರಿ ಕೊನೆಯದು, ಆಗಲೇ ಇಳಿಸಿಟ್ಟದ್ದು. ಇನ್ನೊಂದು 2023ರ ಫೆಬ್ರವರಿ ಮೊದಲ ವಾರದ್ದು. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಎರಡರ ಎನ್‌ಡಿವಿಐ (ಹಸಿರು ಎಷ್ಟಿದೆ ಎಂದು ತೋರಿಸುವ ಸೂಚ್ಯಂಕ) ತೆಗೆದು, ಕಡಿಮೆಯಾದ ಕಡೆ ಕೆಂಪು ಬರುವ ಹಾಗೆ ವ್ಯತ್ಯಾಸ ನೋಡಿದರೆ ಇಡೀ ಘಟ್ಟವೇ ಕೆಂಪು! 0.8 ಇದ್ದ ಕಡೆ ಈಗ 0.5. ಗಾಬರಿಯಾಗಿ ಬೈಕ್ ಹತ್ತಿ ಆಗುಂಬೆ ಘಾಟಿಯ ಬುಡದವರೆಗೆ ಹೋಗಿ ಬಂದೆ. ಮರಗಳು ಹಾಗೇ ನಿಂತಿವೆ. ಚಿತ್ರದಲ್ಲಿ ಮೋಡವೂ ಇಲ್ಲ.

ಘಟ್ಟದಕೆಳಗೆ (ಮಂಗಳೂರು):
ಕಾಡಿಗೇನೂ ಆಗಿಲ್ಲ ಮಾರಾಯ್ರೆ, ಫೈಲಿನೊಳಗಿನ ಅಂಕಿ ಬದಲಾಗಿದೆ. 2022ರ ಜನವರಿ 25ರಿಂದ ಸೆಂಟಿನೆಲ್-2 ಚಿತ್ರದ ಪ್ರತಿ ಬ್ಯಾಂಡಿನ (ಒಂದೊಂದು ಬಗೆಯ ಬೆಳಕಿನ ಅಳತೆ) ಅಂಕಿಗೂ 1000 ಸೇರಿಸಿ ಕೊಡುತ್ತಾರೆ. ಅದನ್ನು ಕಳೆದೇ ಲೆಕ್ಕ ಹಾಕಬೇಕು.

ದಟ್ಟ ಕಾಡಿನ ಒಂದು ಪಿಕ್ಸೆಲ್, ಅಂದರೆ ಚಿತ್ರದಲ್ಲಿ 10 ಮೀಟರ್ ಉದ್ದಗಲದ ಒಂದು ಚೌಕ ನೋಡಿ. ಕೆಂಪು ಬ್ಯಾಂಡ್ 300, ಇನ್‌ಫ್ರಾರೆಡ್ 3000 ಎಂದಿಟ್ಟುಕೊಳ್ಳಿ. ವ್ಯತ್ಯಾಸ 2700, ಮೊತ್ತ 3300. ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ 0.82. ಎರಡಕ್ಕೂ 1000 ಸೇರಿದರೆ 1300 ಮತ್ತು 4000. ವ್ಯತ್ಯಾಸ ಅದೇ 2700, ಆದರೆ ಮೊತ್ತ 5300. ಉತ್ತರ 0.51. ನಿಮಗೆ ಬಂದದ್ದೂ ಇದೇ ಅಲ್ವಾ?

ಫೈಲ್ ಹೆಸರಿನಲ್ಲಿ ‘ಎನ್’ ಅಕ್ಷರದ ನಂತರ ನಾಲ್ಕು ಅಂಕಿ ಇರುತ್ತದೆ. ಅದು 0400 ಅಥವಾ ಜಾಸ್ತಿ ಇದ್ದರೆ ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ ಬ್ಯಾಂಡ್ 4 (ಕೆಂಪು) ಮತ್ತು 8 (ಇನ್‌ಫ್ರಾರೆಡ್), ಎರಡರಿಂದಲೂ 1000 ಕಳೆಯಿರಿ. ಉಪಗ್ರಹ ಚಿತ್ರಗಳಿಗೆ ಗೂಗಲ್‌ನ ಅರ್ತ್ ಎಂಜಿನ್ ಬಳಸುವವರಿಗೆ ‘ಹಾರ್ಮೊನೈಸ್ಡ್’ ಸಂಗ್ರಹದಲ್ಲಿ ಇದು ಮೊದಲೇ ಸರಿಯಾಗಿ ಸಿಗುತ್ತದೆ.

ಕಾಡುದಾರಿ:
ಹೌದು, 2023ರದ್ದು 0509. ಕಳೆದ ಮೇಲೆ ಘಟ್ಟ ಪುನಃ ಹಸಿರಾಯಿತು. ತುಂಬಾ ಸಮಾಧಾನ ಆಯಿತು. ಆದರೆ ಕಾರ್ಕಳ ಕಡೆ ಮೂರು ಕೆಂಪು ತುಂಡು ಹಾಗೇ ಉಳಿದಿವೆ.

ಘಟ್ಟದಕೆಳಗೆ:
ರಬ್ಬರ್ ತೋಟ ಇರಬಹುದು. ಅದು ಚಳಿಗಾಲದಲ್ಲಿ ಎಲೆ ಉದುರಿಸಿ ಪುನಃ ಚಿಗುರುತ್ತದೆ. ನಿಮ್ಮ ಹಳೇ ಚಿತ್ರ ಚಿಗುರಿದ ಮೇಲಿನದು, ಹೊಸದು ಬೋಳಾಗಿದ್ದಾಗಿನದು. ಭಾರತೀಯ ಅರಣ್ಯ ಸರ್ವೇಕ್ಷಣೆಯವರು ದೇಶದ ನಕ್ಷೆಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಚಿತ್ರ ಬಳಸುವುದು ಸುಮ್ನೆ ಅಲ್ಲ. ಆಗ ಮೋಡ ಕಡಿಮೆ, ಎಲೆಯೂ ಮರದಲ್ಲೇ ಇರುತ್ತದೆ.

ಇನ್ನೊಂದು ಮಾತು. ಅವರ ಲೆಕ್ಕದಲ್ಲಿ 1 ಹೆಕ್ಟೇರ್ ಜಾಗ, ಶೇಕಡಾ 10 ಮರದ ನೆರಳು ಇದ್ದರೆ ಸಾಕು, ತೋಟವೂ ಅರಣ್ಯ ಹೊದಿಕೆಯೇ. ಇಂಗಾಲದ ಲೆಕ್ಕಕ್ಕೆ ಹಾಗೆ ಮಾಡಬೇಡಿ. ರಬ್ಬರನ್ನೂ ಘಟ್ಟದ ಕಾಡನ್ನೂ ಬೇರೆ ಬೇರೆ ಇಡಿ. ಮೂರೂ ತುಂಡು ಒಮ್ಮೆ ನಡೆದು ನೋಡಿ.

ಕಾಡುದಾರಿ:
ಭಾನುವಾರ ಹೋಗಿ ಬಂದೆ. ಎರಡು ರಬ್ಬರ್ ತೋಟವೇ, ಕಾಂಡಕ್ಕೆ ಚಿಪ್ಪು ಕಟ್ಟಿದ್ದರು. ಮೂರನೆಯದರಲ್ಲಿ ಮರವೇ ಇಲ್ಲ. ಕೆಂಪು ಮಣ್ಣು, ಕಡಿದ ಬುಡಗಳು, ಜೆಸಿಬಿ ಚಕ್ರದ ಗುರುತು. ನಕ್ಷೆಯಲ್ಲಿ 42 ಪಿಕ್ಸೆಲ್, ಅಂದರೆ ಒಂದು ಎಕರೆಗಿಂತ ಚೂರು ಜಾಸ್ತಿ. ಅಲ್ಲಿ ನಿಂತಾಗ ತುಂಬಾ ಬೇಜಾರಾಯಿತು. ಬುಡಗಳ ಸುತ್ತಳತೆ ಬರೆದುಕೊಂಡು ಬಂದಿದ್ದೇನೆ. ಇಂಗಾಲದ ಲೆಕ್ಕ ಅಲ್ಲಿಂದಲೇ ಶುರು ಮಾಡುತ್ತೇನೆ.