ಮೂವತ್ತು ದಿನ ಸೂರ್ಯನಿಲ್ಲದ ಊರಿನ ರಕ್ತಪಿಶಾಚಿಗಳು: ನಡುವಿನ ದಿನಗಳು ಎಲ್ಲಿ ಹೋದವು?

ತೋಟದ ರೈಟರ್ (ಭಾಗಮಂಡಲದ ಕಡೆ)

ಕರೆಂಟ್ ಹೋಗಿ ಮೂರನೆಯ ರಾತ್ರಿ. ಮೈಸೂರಿನಿಂದ ಬಂದಿದ್ದ ಮಗ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಚಾರ್ಜನ್ನೆಲ್ಲ ಖರ್ಚು ಮಾಡಿ ನಮಗೆ ‘ಥರ್ಟಿ ಡೇಸ್ ಆಫ್ ನೈಟ್’ ತೋರಿಸಿದ. 2007ರ ಸಿನಿಮಾ, ನಿರ್ದೇಶಕ ಡೇವಿಡ್ ಸ್ಲೇಡ್. ಹಳೆಯದಾಯಿತು ಎಂದು ನಗಬೇಡಿ. ನಮ್ಮ ತೋಟಕ್ಕೆ ಎಲ್ಲವೂ ತಡವಾಗಿಯೇ ಬರುತ್ತದೆ, ಸಂಬಳವನ್ನೂ ಸೇರಿಸಿ.

ನೋಡದವರಿಗಾಗಿ ಎರಡು ಮಾತು. ರಕ್ತಪಿಶಾಚಿಗಳಿಗೆ ಬಿಸಿಲು ಆಗದು ಎಂಬುದು ಎಲ್ಲರೂ ಕೇಳಿದ ಸಂಗತಿ. ಹಾಗಾದರೆ ಬಿಸಿಲೇ ಬಾರದ ಊರಿಗೆ ಹೋಗಿ ನೆಮ್ಮದಿಯಾಗಿ ಉಣ್ಣಬಹುದಲ್ಲ ಎಂದು ಅವುಗಳಿಗೆ ಇಷ್ಟು ಕಾಲ ಏಕೆ ಹೊಳೆಯಲಿಲ್ಲ? ಈ ಸಿನಿಮಾದಲ್ಲಿ ಹೊಳೆದಿದೆ. ಅಲಾಸ್ಕಾದ ತುತ್ತತುದಿಯಲ್ಲಿ ಬ್ಯಾರೋ ಎಂಬ ಊರು. ಚಳಿಗಾಲದಲ್ಲಿ ಸೂರ್ಯ ಮುಳುಗಿದರೆ ಮತ್ತೆ ಮುಖ ತೋರಿಸುವುದು ಮೂವತ್ತು ದಿನ ಬಿಟ್ಟು. ಹೋಗಬಲ್ಲವರೆಲ್ಲ ಊರು ಬಿಟ್ಟಿರುತ್ತಾರೆ, ಉಳಿದವರ ಮೇಲೆ ಇವು ಬಂದು ಬೀಳುತ್ತವೆ. ಜಾಶ್ ಹಾರ್ಟ್‌ನೆಟ್ ಅಲ್ಲಿಯ ಪೊಲೀಸ್ ಅಧಿಕಾರಿ. ಡ್ಯಾನಿ ಹ್ಯೂಸ್ಟನ್ ಪಿಶಾಚಿಗಳ ಯಜಮಾನ. ಆತ ಇಂಗ್ಲಿಷ್ ಆಡುವುದೇ ಅಪರೂಪ, ತಮ್ಮದೇ ಒಂದು ಒರಟು ಭಾಷೆಯಲ್ಲಿ ಗಂಟಲಿನಿಂದ ಕರಕರ ಎನ್ನುತ್ತಾನೆ.

ಯೋಚನೆ ಎಷ್ಟು ಚೆನ್ನಾಗಿದೆ ನೋಡಿ! ನನಗೆ ಮೊದಲ ಅರ್ಧ ಗಂಟೆ ಮೈ ಜುಮ್ಮೆಂದಿತು. ಹೆಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. ಆ ದಿನ ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದಲ್ಲಿ ನಾನೇ ಬರೆದುಕೊಂಡದ್ದು 4 ಇಂಚು 60 ಸೆಂಟ್ (ಸೆಂಟ್ ಎಂದರೆ ಇಂಚಿನ ನೂರನೆಯ ಒಂದು ಪಾಲು). ನಮ್ಮಲ್ಲೂ ಜುಲೈಯಿಡೀ ಸೂರ್ಯನಿಲ್ಲ ಎಂದು ಹೆಂಡತಿಗೆ ಹೇಳಿದೆ. ‘ಇಲ್ಲಿಗೆ ಬಂದರೆ ಅವುಗಳ ಬಟ್ಟೆಯನ್ನು ಎಲ್ಲಿ ಒಣಗಿಸುತ್ತಾವಂತೆ?’ ಎಂದಳು.

ನನ್ನ ತಕರಾರು ಅಲ್ಲಿಂದಲೇ ಶುರುವಾಯಿತು. ಬದುಕುಳಿದವರು ಒಂದು ಮನೆಯ ಅಟ್ಟದಲ್ಲಿ ಅಡಗುತ್ತಾರೆ. ಸರಿ. ಆಮೇಲೆ ಸಿನಿಮಾ ಇಷ್ಟನೆಯ ದಿನ ಎಂದು ಬರಹ ತೋರಿಸಿ ವಾರಗಟ್ಟಲೆ ಹಾರಿಬಿಡುತ್ತದೆ. ನಡುವಿನ ದಿನಗಳು ಎಲ್ಲಿ? ಮೂವತ್ತು ದಿನ ಬೆಳಕಿಲ್ಲದ ಮನೆ ಹೇಗಿರುತ್ತದೆ ಎಂದು ನನ್ನನ್ನು ಕೇಳಬೇಕಿತ್ತು. ಹತ್ತನೆಯ ದಿನ ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ. ಹದಿನೈದನೆಯ ದಿನ ಚರ್ಮದ ಬೆಲ್ಟಿನ ಮೇಲೆ ಬೂಷ್ಟು. ಬೆಂಕಿಕಡ್ಡಿ ಗೀರಿದರೆ ತಲೆ ಕಳಚಿ ಬೀಳುತ್ತದೆ. ಇಪ್ಪತ್ತನೆಯ ದಿನಕ್ಕೆ ಎದುರು ಕುಳಿತವರು ಕೆಮ್ಮಿದರೂ ಸಿಟ್ಟು ಬರುತ್ತದೆ. ಅಟ್ಟದ ಮೇಲಿರುವ ಅಷ್ಟು ಜನ ಒಬ್ಬರ ಕೆಮ್ಮಿಗೆ ಒಬ್ಬರು ಸಿಡುಕದೆ ವಾರಗಟ್ಟಲೆ ಇದ್ದರೆಂದರೆ ನಾನು ನಂಬುವುದಿಲ್ಲ. ಭಯವಿದ್ದದ್ದು ಆ ದಿನಗಳಲ್ಲಿ. ಸಿನಿಮಾ ಅವನ್ನೇ ಕತ್ತರಿಸಿ ಎಸೆದಿದೆ.

ಇನ್ನೊಂದು, ಲೆಕ್ಕದ ಮಾತು. ನಾನು ತೋಟದ ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ ಪುಸ್ತಕ ಬರೆಯುವವನು, ಕಣ್ಣು ಅಲ್ಲಿಗೇ ಹೋಗುತ್ತದೆ. ಮೂವತ್ತು ದಿನದ ಊಟವಿದೆ. ಈ ಪಿಶಾಚಿಗಳು ಮೊದಲ ರಾತ್ರಿಯೇ ಊರಿನ ಬಹುಪಾಲನ್ನು ಸಿಗಿದು ಹಿಮದ ಮೇಲೆ ಚೆಲ್ಲಿಬಿಡುತ್ತವೆ. ಉಳಿದ ದಿನಗಳಿಗೆ? ಮಳೆಗಾಲಕ್ಕೆ ತಂದಿಟ್ಟ ಅಕ್ಕಿಯನ್ನು ಜೂನ್ ಒಂದರಂದೇ ಅಂಗಳಕ್ಕೆ ಸುರಿದ ಹಾಗಾಯಿತು. ನೂರಾರು ವರ್ಷ ಬದುಕಿದವಕ್ಕೆ ಇಷ್ಟೂ ತಿಳಿಯದೇ?

ನೋಡಿದವರು ಹೇಳಿ. ನಾನು ವಿಪರೀತ ಲೆಕ್ಕ ಹಾಕುತ್ತಿದ್ದೇನೆಯೇ? ಅಥವಾ ಒಳ್ಳೆಯ ಯೋಚನೆಯೊಂದನ್ನು ಅವರು ಪೋಲು ಮಾಡಿದರೇ?

—

ಜಿಗಣೆ ಕಂಡವಳು (ಗೋಣಿಕೊಪ್ಪ)

ರೈಟರೇ, ನಿಮ್ಮ ಲೆಕ್ಕ ಸರಿಯಾಗಿದೆ. ನಾನು ಲ್ಯಾಬ್‌ನಲ್ಲಿ ರಕ್ತಪರೀಕ್ಷೆ ಮಾಡುವವಳು, ಇದಕ್ಕೆ ನನ್ನದೂ ಒಂದು ಸಾಕ್ಷಿ ಇರಲಿ.

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ರಕ್ತದಾನದಲ್ಲಿ ನಾವು ಒಂದು ಸಲಕ್ಕೆ ತೆಗೆಯುವುದು 350 ಮಿಲಿಲೀಟರ್, ಹೆಚ್ಚೆಂದರೆ 450. ರಕ್ತ ಕೆಡದಂತೆ, ಗಟ್ಟಿಯಾಗದಂತೆ ಕಾಯುವ ಸಿಪಿಡಿಎ ದ್ರಾವಣವಿರುವ ಚೀಲದಲ್ಲಿ ತುಂಬಿ 2ರಿಂದ 6 ಡಿಗ್ರಿಯೊಳಗೆ ಇಟ್ಟರೆ 35 ದಿನ ಬಳಸಬಹುದು. ಕೇಳಿಸಿತೇ, ಮೂವತ್ತೈದು! ಅವುಗಳ ರಾತ್ರಿ ಮುಗಿದ ಮೇಲೂ ಐದು ದಿನ ಮಿಗುತ್ತಿತ್ತು. ಆದರೆ ಹೊರಗಿನ ಹಿಮದಲ್ಲಿ ಹೂತಿಟ್ಟರೆ ನಡೆಯದು. ಹಾಗೆಯೇ ಚಳಿಗೆ ಮಂಜುಗಡ್ಡೆಯಾದರೆ ಕೆಂಪು ಕಣಗಳು ಒಡೆದುಹೋಗುತ್ತವೆ. ಒಂದು ಹಳೆಯ ಫ್ರಿಜ್ ಸಾಕಿತ್ತು. ಅದರ ಬದಲು ಈ ಮಹಾಶಯರು ಕತ್ತು ಹರಿದು, ಗಲ್ಲಕ್ಕೆಲ್ಲ ಬಳಿದುಕೊಂಡು, ಮುಕ್ಕಾಲು ಪಾಲನ್ನು ನೆಲಕ್ಕೆ ಕುಡಿಸುತ್ತಾರೆ. ನೋಡುತ್ತ ನನಗೆ ಹೆದರಿಕೆ ಬರಲಿಲ್ಲ. ಹೊಟ್ಟೆ ಉರಿಯಿತು. ಒಂದು ಬಾಟಲಿಗಾಗಿ ಮಡಿಕೇರಿಗೆ ಓಡುವವರನ್ನು ದಿನವೂ ನೋಡುತ್ತೇನೆ.

ರಕ್ತ ಕುಡಿಯುವುದನ್ನು ಕಲಿಯಬೇಕಾದರೆ ನಮ್ಮ ತೋಟದ ಜಿಗಣೆಯಿಂದ ಕಲಿಯಬೇಕು. ಕಚ್ಚಿದ್ದು ಗೊತ್ತಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಜೊಲ್ಲಿನಲ್ಲೇ ಔಷಧವಿದೆ. ಹೊಟ್ಟೆ ತುಂಬಿದೊಡನೆ ತಾನೇ ಉದುರಿಹೋಗುತ್ತದೆ. ನಮಗೆ ತಿಳಿಯುವುದು ಸಂಜೆ ಕಾಲುಚೀಲ ತೆಗೆದಾಗ. ಅಂಥ ಪಿಶಾಚಿಯನ್ನು ಯಾರಾದರೂ ಸಿನಿಮಾ ಮಾಡಲಿ, ನಾನು ಮೊದಲ ಸಾಲಿನಲ್ಲಿ ಕೂರುತ್ತೇನೆ. ಹಲ್ಲು ಕಿರಿದು ಕಿರುಚುವ ಪಿಶಾಚಿಗೆ ಉಪ್ಪು, ಹೊಗೆಸೊಪ್ಪು ಹಿಡಿದು ನಿಂತರೆ ಆಯಿತು. ಬಂದದ್ದೇ ಗೊತ್ತಾಗದ್ದಕ್ಕೆ ಏನು ಮಾಡುತ್ತೀರಿ?

ರಕ್ತದ ಮಾತು ಬಂದದ್ದರಿಂದ ಒಂದು ನೆನಪು. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು, ಆಗಸ್ಟ್ 3ಕ್ಕೆ, ನಾವು ಮದ್ದುಸೊಪ್ಪಿನ ಪಾಯಸ ಉಣ್ಣುತ್ತೇವಲ್ಲ. ಮರುದಿನ ಬೆಳಿಗ್ಗೆ ಹೋಮ್‌ಸ್ಟೇಯ ಅತಿಥಿಯೊಬ್ಬರು ಮೂತ್ರವೆಲ್ಲ ಕೆಂಪು, ರಕ್ತ ಹೋಗುತ್ತಿದೆ ಎಂದು ನಡುಗುತ್ತ ಬಂದರು. ಪರೀಕ್ಷೆಯಲ್ಲಿ ರಕ್ತದ ಸುಳಿವೇ ಇಲ್ಲ. ನಿನ್ನೆ ಏನು ತಿಂದಿರಿ ಎಂದು ಕೇಳಿದೆ. ಪಾಯಸ ಬಹಳ ರುಚಿಯಾಗಿತ್ತು, ಮೂರು ಸಲ ಹಾಕಿಸಿಕೊಂಡೆ ಎಂದರು. ಕೆಂಪು ಬಂದದ್ದು ಆ ಸೊಪ್ಪಿನ ಬಣ್ಣದಿಂದ. ಅವರ ಮುಖದಲ್ಲಿದ್ದ ಭಯ ಈ ಸಿನಿಮಾದ ಒಬ್ಬ ನಟನ ಮುಖದಲ್ಲೂ ನನಗೆ ಕಾಣಲಿಲ್ಲ.

—

ಪುಸ್ತಕದ ಹುಳು (ಪೊನ್ನಂಪೇಟೆ)

ಇಬ್ಬರೂ ಸಿನಿಮಾಕ್ಕೆ ಅನ್ಯಾಯ ಮಾಡುತ್ತಿದ್ದೀರಿ. ಇದರ ಮೂಲ ಸ್ಟೀವ್ ನೈಲ್ಸ್ ಬರೆದು ಬೆನ್ ಟೆಂಪಲ್‌ಸ್ಮಿತ್ ಚಿತ್ರ ಬರೆದ ಕಾಮಿಕ್ಸ್, 2002ರದು. ತೆಳ್ಳಗಿನ ಕಾಮಿಕ್ಸ್‌ನಲ್ಲಿ ದಿನಗಳನ್ನು ಹಾರಿಸುವುದು ಸಹಜ, ಸಿನಿಮಾ ಅದೇ ದಾರಿ ಹಿಡಿದಿದೆ.

ತಪ್ಪು ಹುಡುಕುವುದಾದರೆ ದೊಡ್ಡದನ್ನೇ ಹುಡುಕಿ. ನಿಜವಾದ ಬ್ಯಾರೋದಲ್ಲಿ ಸೂರ್ಯ ಕಾಣದಿರುವುದು 30 ದಿನವಲ್ಲ, ಸುಮಾರು 65 ದಿನ. ನವೆಂಬರ್ ನಡುವಿನಲ್ಲಿ ಮುಳುಗಿದರೆ ಜನವರಿ ಕೊನೆಯ ವಾರದ ಹೊತ್ತಿಗೆ ಹುಟ್ಟುತ್ತದೆ. ಆದರೂ ಕಗ್ಗತ್ತಲೆ ಅಲ್ಲ, ನಡುಹಗಲಿಗೆ ಕೆಲವು ಗಂಟೆ ಮುಂಜಾವಿನಂಥ ಮಸುಕು ಬೆಳಕಿರುತ್ತದೆ. ಅಲ್ಲಿರುವವರು ನಾಲ್ಕು ಸಾವಿರಕ್ಕೂ ಹೆಚ್ಚು ಜನ. ಊರಿಗೆ ಈಗ ಆ ಹೆಸರೂ ಇಲ್ಲ. 2016ರಲ್ಲಿ ಮೂಲನಿವಾಸಿಗಳ ಉಟ್‌ಕಿಯಾಗ್‌ವಿಕ್ ಎಂಬ ಹೆಸರಿಗೆ ಮರಳಿದರು. ಚಿತ್ರೀಕರಣವಾದದ್ದು ನ್ಯೂಜಿಲೆಂಡಿನಲ್ಲಿ.

ಮತ್ತು ರೈಟರೇ, ಊರನ್ನು ಒಂದೇ ಏಟಿಗೆ ಮುಗಿಸಲು ಕಾರಣವಿದೆ. ತಾವು ಬರೀ ಕಟ್ಟುಕತೆ ಎಂದು ಜನ ನಂಬುವಂತೆ ಮಾಡಲು ಶತಮಾನಗಳೇ ಬೇಕಾದವು, ಒಬ್ಬನೂ ಉಳಿದು ಹೊರಗೆ ಸುದ್ದಿ ಹೇಳಬಾರದು ಎಂಬುದು ಯಜಮಾನನ ಮಾತು. ಕೊನೆಯಲ್ಲಿ ಊರಿಗೇ ಬೆಂಕಿ ಇಡುವುದೂ ಅದಕ್ಕೇ. ಅವು ಉಣ್ಣಲು ಮಾತ್ರ ಬಂದವಲ್ಲ.

—

ಮಕ್ಕಂದೂರಿನವ

ನಾನು ಈ ಸಿನಿಮಾವನ್ನು 2019ರಲ್ಲಿ ನೋಡಿದೆ. ನೋಡಬಾರದಿತ್ತು, ಆಗ ಇನ್ನೂ ಬಾಡಿಗೆ ಮನೆಯಲ್ಲಿದ್ದೆವು.

ರಕ್ತ, ಹಲ್ಲು ಇವು ನನಗೆ ಏನೂ ಮಾಡಲಿಲ್ಲ. ಶುರುವಿನಲ್ಲಿ ಪೊಲೀಸ್ ಅಧಿಕಾರಿಗೆ ಊರ ಹೊರಗೆ ಸುಟ್ಟು ಕರಕಲಾದ ಮೊಬೈಲ್‌ಗಳ ರಾಶಿ ಸಿಗುತ್ತದಲ್ಲ, ಅಲ್ಲಿ ಎದೆ ಧಸಕ್ ಎಂದಿತು. ಆಮೇಲೆ ನಾಯಿಗಳು ಸಾಯುತ್ತವೆ, ಹೆಲಿಕಾಪ್ಟರ್ ಹಾಳಾಗುತ್ತದೆ, ಕರೆಂಟ್ ಹೋಗುತ್ತದೆ. ಪಿಶಾಚಿ ಇನ್ನೂ ಬಂದಿಲ್ಲ, ಊರು ಆಗಲೇ ಹೊರಗಿನವರಿಗೆ ಇಲ್ಲವಾಗಿದೆ. 2018ರ ಆಗಸ್ಟಿನಲ್ಲಿ ನಮಗೂ ಇದೇ ಕ್ರಮದಲ್ಲಿ ಆಯಿತು. ಮೊದಲು ಕರೆಂಟ್, ಆಮೇಲೆ ಟವರ್, ಆಮೇಲೆ ರಸ್ತೆ. ಗುಡ್ಡ ಕುಸಿದು ಬಂದದ್ದು ಕೊನೆಗೆ. ಅತ್ತ ಜೋಡುಪಾಲದಲ್ಲಿ ಏನಾಗಿದೆ ಎಂದು ಇತ್ತ ನಮಗೆ ತಿಳಿಯಲು ಎರಡು ದಿನ ಬೇಕಾಯಿತು. ಅಮ್ಮ ಸಿಗ್ನಲ್ ಇಲ್ಲದ ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದರು.

ರೈಟರಣ್ಣ, ನಡುವಿನ ದಿನಗಳನ್ನು ತೋರಿಸಬೇಕಿತ್ತು ಎನ್ನುತ್ತೀರಿ. ನನಗಾದರೆ ತೋರಿಸದೇ ಇದ್ದದ್ದೇ ಒಳ್ಳೆಯದಾಯಿತು.

—

ಕಾಫಿ ಕಣ (ಸಿದ್ದಾಪುರ)

ಹೆದರಲು ಸಿನಿಮಾ ಏಕೆ ಬೇಕು? ಹಲಸಿನ ಹಣ್ಣಿನ ಕಾಲದಲ್ಲಿ ರಾತ್ರಿ ಒಂಬತ್ತಕ್ಕೆ ನಮ್ಮ ಲೈನ್‌ಮನೆಯಿಂದ ಅಂಗಡಿಯವರೆಗೆ ಟಾರ್ಚ್ ಇಲ್ಲದೆ ನಡೆದು ಬನ್ನಿ. ಆನೆಗೆ ಬಿಸಿಲಿನ ಭಯವೂ ಇಲ್ಲ.

—

ಅತ್ತೂರಿನ ಸೊಸೆ

ಒಂದು ದೃಶ್ಯದ ಬಗ್ಗೆ ಯಾರೂ ಹೇಳಲಿಲ್ಲ. ಒಬ್ಬ ಹೆಂಗಸನ್ನು ಬೀದಿಯಲ್ಲಿ ಒಂಟಿಯಾಗಿ ನಡೆಸಿ, ಸಹಾಯಕ್ಕೆ ಕೂಗಿಸಿ, ಅಡಗಿದವರನ್ನು ಹೊರಗೆಳೆಯಲು ನೋಡುತ್ತವೆ. ನಾನು ಬಯಲುಸೀಮೆಯವಳು. ಚಿಕ್ಕವಳಿದ್ದಾಗ ನಮ್ಮ ಊರಿನ ಬಾಗಿಲುಗಳ ಮೇಲೆಲ್ಲ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ದೆವ್ವ ಬಂದು ಗುರುತಿನವರ ದನಿಯಲ್ಲಿ ಕರೆಯುತ್ತದೆ, ಓಗೊಟ್ಟರೆ ಮುಗಿಯಿತು, ಬರಹ ಓದಿದರೆ ಹಿಂದಿರುಗುತ್ತದೆ ಎಂಬ ನಂಬಿಕೆ. ನಮ್ಮ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು, ಹೇಳಿದ ಮಾತನ್ನೂ ಕೇಳುತ್ತಿತ್ತು. ಇವಕ್ಕೆ ಯಾವ ಭಾಷೆಯಲ್ಲಿ ಬರೆದಿಡುವುದು? ಆ ಹೆಂಗಸು ಕೂಗುವಾಗ ಕಿವಿ ಮುಚ್ಚಿಕೊಂಡೆ.

—

ತೋಟದ ರೈಟರ್

ಎಲ್ಲರಿಗೂ ಉತ್ತರ ಬರೆಯಲು ತಡವಾಯಿತು, ಕರೆಂಟ್ ಬಂದದ್ದು ನಿನ್ನೆ.

ಮಕ್ಕಂದೂರಿನ ತಮ್ಮಾ, ನಿನ್ನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಾನು ಮೂವತ್ತು ದಿನವನ್ನು ಬೂಷ್ಟು, ಬೆಂಕಿಕಡ್ಡಿಗಳಲ್ಲಿ ಎಣಿಸಿದೆ. ನನ್ನ ಮನೆ ನಿಂತಿತ್ತು, ಅದಕ್ಕೆ ಅಷ್ಟು ಬಿಡುವಾಗಿ ಎಣಿಸಿದೆ. ಮೊಬೈಲ್ ರಾಶಿಯನ್ನು ನಾನು ಗಮನಿಸಿಯೇ ಇರಲಿಲ್ಲ, ಮಗನಿಗೆ ಹೇಳಿ ಮತ್ತೆ ಆ ಭಾಗ ಹಾಕಿಸಿ ನೋಡಿದೆ.

ಪುಸ್ತಕದ ಹುಳುವಿಗೆ: ಸುದ್ದಿ ಹೊರಗೆ ಹೋಗಬಾರದೆಂದು ಕೊಂದವು, ಒಪ್ಪಿದೆ. ಹಾಗಿದ್ದರೂ ಲ್ಯಾಬ್‌ನ ತಂಗಿ ಹೇಳಿದ ಫ್ರಿಜ್ ಊರಿನಲ್ಲಿ ಇತ್ತಲ್ಲ! ಆ ಲೆಕ್ಕದಲ್ಲಿ ನಾನು ಸೋಲುವುದಿಲ್ಲ. ಮತ್ತೊಂದು ಅನ್ಯಾಯವನ್ನೂ ಬರೆದುಕೊಂಡಿದ್ದೇನೆ. ಮುಂಚಿತವಾಗಿ ಊರಿಗೆ ಬಂದು ಪಿಶಾಚಿಗಳ ಪರವಾಗಿ ಹಾಳುಗೆಡಹುವ ಒಬ್ಬ ಹರಕು ಮನುಷ್ಯನಿದ್ದಾನಲ್ಲ, ಬೆನ್ ಫಾಸ್ಟರ್ ಮಾಡಿದ ಪಾತ್ರ, ಹೋಟೆಲಿನಲ್ಲಿ ಹಸಿ ಮಾಂಸ ಕೇಳುವವನು. ತನ್ನನ್ನೂ ಅವರಂತೆ ಮಾಡುತ್ತಾರೆಂದು ನಂಬಿ ಅಷ್ಟೂ ಕೆಲಸ ಮಾಡುತ್ತಾನೆ. ಕೆಲಸ ಮುಗಿದ ಮೇಲೆ ಯಜಮಾನ ಬಂದು ಅವನನ್ನೇ ಕೊಂದು ಹೋಗುತ್ತಾನೆ. ಕೂಲಿ ಬಾಕಿ. ಇಡೀ ಸಿನಿಮಾದಲ್ಲಿ ನನಗೆ ಅತ್ಯಂತ ನಿಜವೆನಿಸಿದ್ದು ಅದೊಂದೇ.

ನೋಡದವರು ಇಲ್ಲಿಂದ ಮುಂದೆ ಓದಬೇಡಿ, ಕೊನೆಯನ್ನು ಹೇಳುತ್ತೇನೆ. ಯಜಮಾನನ ಜೊತೆ ಕಾದಾಡಲೆಂದು ಹಾರ್ಟ್‌ನೆಟ್ ಪಿಶಾಚಿ ರಕ್ತವನ್ನು ತನಗೇ ಚುಚ್ಚಿಕೊಳ್ಳುತ್ತಾನೆ. ಗೆದ್ದ ಮೇಲೆ ಹೆಂಡತಿಯ ಪಕ್ಕ ಕುಳಿತು ಸೂರ್ಯನಿಗೆ ಕಾಯುತ್ತಾನೆ, ಬೆಳಕು ಬಿದ್ದಾಗ ಅವಳ ತೋಳಿನಲ್ಲೇ ಬೂದಿಯಾಗುತ್ತಾನೆ. ನನ್ನ ಹೆಂಡತಿ ಅತ್ತಳು. ಹೊಗೆ ಎಂದಳು. ಒಲೆಯ ಮೇಲೆ ಬಟ್ಟೆ ಒಣಗಲು ಹಾಕಿದ್ದರಿಂದ ಹೊಗೆಯೂ ಇತ್ತು, ಸುಳ್ಳಲ್ಲ.

ಆ ಊರಿನವರ ಮೇಲೆ ನನಗೆ ಒಂದು ಹೊಟ್ಟೆಕಿಚ್ಚು ಮಾತ್ರ ಉಳಿದಿದೆ. ಸೂರ್ಯ ಯಾವ ದಿನ ಹುಟ್ಟುತ್ತಾನೆ ಎಂದು ಅವರ ಕ್ಯಾಲೆಂಡರಿನಲ್ಲಿ ಇರುತ್ತದೆ. ನಮಗೆ ಆ ಸೌಕರ್ಯವಿಲ್ಲ. ಮೊನ್ನೆ ಹನ್ನೊಂದೂ ಇಪ್ಪತ್ತಕ್ಕೆ ಬಿಸಿಲು ಬಂತು, ಕಂಬಳಿ ಹೊರಗೆ ತಂದು ಹರಡುವಷ್ಟರಲ್ಲಿ ಹೋಯಿತು. ಮಳೆಯ ಪುಸ್ತಕದ ಅಂಚಿನಲ್ಲಿ ‘ಬಿಸಿಲು, 17 ನಿಮಿಷ’ ಎಂದು ಬರೆದಿಟ್ಟಿದ್ದೇನೆ. ಕಂಬಳಿ ಇನ್ನೂ ಒದ್ದೆ.