ಹೊಸ ರೆಟ್ರೊ ಕೀಬೋರ್ಡ್, ಒತ್ತಕ್ಷರ ಬೀಳುತ್ತಿಲ್ಲ! ವಾಪಸ್ ಕೊಡಲಾ, ಬೇರೆ ತಗೊಳ್ಳಲಾ?

ನಿಧಾನಗತಿ:
ತಲೆ ಕೆಟ್ಟು ಹೋಗಿದೆ. ದಿನವೂ ಏಳೆಂಟು ಗಂಟೆ ಟೈಪ್ ಮಾಡುವ ಕೆಲಸ ನನ್ನದು. ಹಳೇ ಕಂಪ್ಯೂಟರಿನ ಥರ ಬೂದು ಬಣ್ಣ, ದಪ್ಪ ಕೀಲಿ, ಟಕ್ ಟಕ್ ಸದ್ದು ಇರುವ ಮೆಕ್ಯಾನಿಕಲ್ ಕೀಬೋರ್ಡ್ ಬೇಕು ಅಂತ ಬಹಳ ದಿನದ ಆಸೆ ಇತ್ತು. ಹೋದ ವಾರ ಬಂತು. ನೋಡೋಕೆ ಚೆಂದ, ಆದರೆ ಅಕ್ಷರ ನುಂಗುತ್ತದೆ. ‘ಅಕ್ಕ’ ಹೊಡೆದರೆ ‘ಅಕ’. ‘ಹಳ್ಳಿ’ ಹೊಡೆದರೆ ‘ಹಳಿ’. ನಿನ್ನೆ ‘ಕತ್ತೆ’ ಹೋಗಿ ‘ಕತೆ’ ಆಗಿತ್ತು, ನೋಡದೆ ಕಳಿಸಿಯೂ ಬಿಟ್ಟೆ. ಇದನ್ನು ಫೋನಿನಲ್ಲಿ ಬರೆಯುತ್ತಿದ್ದೇನೆ, ಅದಕ್ಕೇ ಒತ್ತುಗಳೆಲ್ಲ ಜಾಗದಲ್ಲಿವೆ.

ಪೀಸೇ ಕೆಟ್ಟದ್ದು ಬಂದಿದೆಯಾ? ವಾಪಸ್ ಕೊಡಲು ಇನ್ನು ಐದೇ ದಿನ. ದಿನದ ಟೈಪಿಂಗಿಗೆ ಬೇರೆ ಯಾವ ರೆಟ್ರೊ ಕೀಬೋರ್ಡ್ ಒಳ್ಳೇದು?

ಸ್ವಿಚ್‌ಪ್ರೇಮಿ:
ಕೀಲಿಯ ಕೆಳಗಿರುವುದು ಯಾವ ಸ್ವಿಚ್, ವೈರಾ ವೈರ್‌ಲೆಸ್ಸಾ, ಏನೂ ಹೇಳಿಲ್ಲ. ಇರಲಿ. ಟಕ್ ಟಕ್ ಅಂದಿರಿ, ಅಂದರೆ ಬ್ಲೂ, ಸದ್ದು ಮಾಡುವ ಜಾತಿಯ ಸ್ವಿಚ್. ರೋಗ ಇರುವುದೇ ಅಲ್ಲಿ. ಬ್ಲೂ ಸ್ವಿಚ್ಚಿನ ಒಳಗಿನ ಕಡ್ಡಿ ಎರಡು ತುಂಡು. ಸುಮಾರು 2.2 ಮಿ.ಮೀ. ಇಳಿದಾಗ ಅಕ್ಷರ ಬೀಳುತ್ತೆ. ಆದರೆ ಬಿಟ್ಟಾಗ ಕೀಲಿ ಅದಕ್ಕಿಂತಲೂ ಮೇಲೆ ಬಂದರೇನೇ ರೀಸೆಟ್ ಆಗೋದು. ಅರ್ಧಕ್ಕೆ ಎತ್ತಿ ಮತ್ತೆ ಒತ್ತಿದರೆ ಎರಡನೇದು ಲೆಕ್ಕಕ್ಕೇ ಇಲ್ಲ. ಒಂದೇ ಕೀಲಿಯನ್ನು ಬೇಗ ಬೇಗ ಎರಡು ಸಲ ಒತ್ತುವವರಿಗೆಲ್ಲ ಇದೇ ಗೋಳು. ಟಕ್ ಅನ್ನದ ರೆಡ್ ಸ್ವಿಚ್ ಹಾಕಿ, ಸರಿಹೋಗುತ್ತೆ.

ಬಕ್ಲಿಂಗ್‌ಭಟ್ಟ:
ರೆಟ್ರೊ ಬೇಕು ಅಂದರೆ ರೆಟ್ರೊನೇ ತಗೊಳ್ಳಿ ಮಾರಾಯ್ರೆ, ರೆಟ್ರೊ ವೇಷದ್ದು ಯಾಕೆ? ನನ್ನ ಮೇಜಿನ ಮೇಲಿರುವುದು ಐಬಿಎಂ ಮಾಡೆಲ್ ಎಂ. ಆ ವಿನ್ಯಾಸ ಬಂದದ್ದು 1985ರಲ್ಲಿ, ನನ್ನ ಪೀಸು 1989ರದ್ದು. ತೂಕ ಎರಡು ಕಿಲೋ ಮೇಲೆ, ಟೈಪ್ ಮಾಡುವಾಗ ಒಂದು ಕೂದಲಷ್ಟೂ ಸರಿಯಲ್ಲ. ಕೀಲಿ ಒತ್ತಿದರೆ ಒಳಗಿನ ಸ್ಪ್ರಿಂಗ್ ಬಳುಕಿ ಪಕ್ಕದ ಗೋಡೆಗೆ ಬಡಿಯುತ್ತದೆ, ಆ ಕ್ಷಣಕ್ಕೇ ಅಕ್ಷರವೂ ಬೀಳುತ್ತದೆ. ಬೆರಳಿಗೆ ಸುಳ್ಳು ಹೇಳುವುದಿಲ್ಲ.

ಡಯೋಡು:
ಭಟ್ರೇ, ಅದು ಮೆಕ್ಯಾನಿಕಲ್ಲೇ ಅಲ್ಲ. ಸ್ಪ್ರಿಂಗಿನ ಕೆಳಗಿರುವುದು ಮೆಂಬ್ರೇನ್ ಅನ್ನುವ ಪ್ಲಾಸ್ಟಿಕ್ ಹಾಳೆ. 1981ರಲ್ಲಿ ಪಿಸಿ ಜೊತೆ ಬಂದ ಮಾಡೆಲ್ ಎಫ್ ಆಗಿದ್ದರೆ ಒಪ್ಪುತ್ತಿದ್ದೆ. ಅದರಲ್ಲಿ ಸ್ಪ್ರಿಂಗ್ ಅದೇ, ಆದರೆ ಕೆಳಗೆ ಸರ್ಕ್ಯೂಟ್ ಬೋರ್ಡ್ ಇದೆ.

ಬಕ್ಲಿಂಗ್‌ಭಟ್ಟ:
ಕೆಳಗೆ ಹಾಳೆ ಇದ್ದರೆ ಮೇಲಿನ ಸ್ಪ್ರಿಂಗ್ ಮೆಕ್ಯಾನಿಕಲ್ ಅಲ್ಲದೆ ಇನ್ನೇನು, ಆವಿಯಂತ್ರವಾ?

ಡಯೋಡು:
ಮಾಡೆಲ್ ಎಂನಲ್ಲಿ ಎರಡು ಕೀಲಿ ಒಟ್ಟಿಗೆ ಒತ್ತಿದರೆ ಖಾತ್ರಿ, ಮೂರನೆಯದು ಕೆಲವು ಜೋಡಿಗಳ ಜೊತೆ ಬೀಳುವುದೇ ಇಲ್ಲ. ಇರಲಿ, ಹಿಂದಿನ ಪ್ಲಾಸ್ಟಿಕ್ ರಿವೆಟ್ ಎಷ್ಟು ಮುರಿದಿವೆ ನಿಮ್ಮದರಲ್ಲಿ?

ಬಕ್ಲಿಂಗ್‌ಭಟ್ಟ:
ಹನ್ನೊಂದು. ಬೋಲ್ಟ್ ಹಾಕಿದ್ದೇನೆ. ಅದು ವಿಷಯ ಅಲ್ಲ.

ನಿಧಾನಗತಿ:
ಸ್ವಾಮಿ, ನನ್ನ ಸಮಸ್ಯೆ ಕಡೆ ಸ್ವಲ್ಪ ನೋಡಿ. ಒಂದು ಕೀಲಿ ಕಿತ್ತು ನೋಡಿದೆ, ಒಳಗಿನ ಸ್ವಿಚ್ ನೀಲಿ ಅಲ್ಲ, ಬಿಳಿ. ಒತ್ತಿದಾಗಲೂ ಟಕ್, ಬಿಟ್ಟಾಗಲೂ ಟಕ್.

ಡಯೋಡು:
ಹಾಗಾದರೆ ಬಾಕ್ಸ್ ವೈಟ್ ಥರದ ಸ್ವಿಚ್ ಇರಬೇಕು. ಅದರಲ್ಲಿ ಎರಡು ತುಂಡಿನ ಕಡ್ಡಿ ಇಲ್ಲ. ಸದ್ದು ಮಾಡುವುದು ಕ್ಲಿಕ್ ಬಾರ್ ಅನ್ನುವ ಸಣ್ಣ ತಂತಿ, ಅದಕ್ಕೇ ಎರಡೂ ಕಡೆ ಟಕ್. ಸ್ವಿಚ್‌ಪ್ರೇಮಿಯವರ ರೀಸೆಟ್ ಕತೆ ಇಲ್ಲಿ ಅಷ್ಟು ಹೊಂದುವುದಿಲ್ಲ.

ಸ್ವಿಚ್‌ಪ್ರೇಮಿ:
ಕತೆ ಅಲ್ಲ, ಅನುಭವ. ನೀಲಿಯೋ ಬಿಳಿಯೋ, ಕ್ಲಿಕ್ ಕ್ಲಿಕ್ಕೇ. ಹಾಟ್‌ಸ್ವಾಪ್ ಇದ್ದರೆ, ಅಂದರೆ ಬೆಸುಗೆ ಇಲ್ಲದೆ ಸ್ವಿಚ್ ಕಿತ್ತು ಬದಲಿಸಲು ಬಂದರೆ, ಸುಮ್ನೆ ನಾಲ್ಕು ರೆಡ್ ಹಾಕಿ ನೋಡಿ. ನನ್ನ ಮನೆಯಲ್ಲಿ ಆರು ಬೋರ್ಡ್ ಇವೆ, ಒಂದರಲ್ಲೂ ಕ್ಲಿಕ್ ಇಟ್ಟುಕೊಂಡಿಲ್ಲ. ಎರಡಕ್ಕೆ ಹಿತ್ತಾಳೆ ಪ್ಲೇಟು, ಒಂದಕ್ಕೆ ಎಲ್ಲ ಸ್ವಿಚ್ಚಿಗೂ ಕುಂಚದಲ್ಲಿ ಗ್ರೀಸ್ ಹಚ್ಚಿದ್ದೇನೆ. ಮಳೆ ಹನಿ ಬಿದ್ದ ಹಾಗೆ ಕೇಳುತ್ತೆ.

ತಂತಿಲ್ಲದವ:
ವೈರ್‌ಲೆಸ್ ಡಾಂಗಲ್ ಎಲ್ಲಿ ಚುಚ್ಚಿದ್ದೀರಿ? ಪಕ್ಕದ ಯುಎಸ್‌ಬಿ 3 ಪೋರ್ಟಿನಲ್ಲಿ ಹಾರ್ಡ್ ಡಿಸ್ಕ್ ಇದ್ದರೆ 2.4 ಗಿಗಾಹರ್ಟ್ಸ್ ಸಿಗ್ನಲ್ಲಿಗೆ ಗಲಾಟೆ ಆಗುತ್ತೆ. ಇಂಟೆಲ್ ಇದನ್ನು 2012ರಲ್ಲೇ ಬರೆದು ಹೇಳಿದೆ. ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲ್ ದೂರ ಇಡಿ. ನನಗೂ ಹೀಗೇ ಅಕ್ಷರ ಹಾರುತ್ತಿತ್ತು.

ನಿಧಾನಗತಿ:
ನಾನು ಮೊದಲ ದಿನದಿಂದ ವೈರಿನಲ್ಲೇ ಬಳಸುತ್ತಿದ್ದೇನೆ. ಹೇಳಿರಲಿಲ್ಲವಾ?

ತಂತಿಲ್ಲದವ:
ಇಲ್ಲ.

ನಿಧಾನಗತಿ:
ಗೆಳೆಯನ ಹತ್ತಿರ ನಾಲ್ಕು ರೆಡ್ ಇಸಕೊಂಡು ಬಂದೆ. ಕೆ, ಎಲ್, ಟಿ, ಎನ್ ಬದಲಾಯಿಸಿದೆ. ಏನೂ ವ್ಯತ್ಯಾಸ ಇಲ್ಲ, ಅಕ್ಕ ಇನ್ನೂ ಅಕ. ಸದ್ದು ಮಾತ್ರ ಹೋಯಿತು. ಜೊತೆಗೆ ಬಿಳಿ ಸ್ವಿಚ್ ವಾಪಸ್ ಕೂರಿಸುವಾಗ ಒಂದರ ತಾಮ್ರದ ಕಾಲು ಮಡಚಿ ಅದರ ಹೊಟ್ಟೆಗೇ ಅಂಟಿಕೊಂಡಿದೆ. ಇನ್ನು ವಾಪಸ್ ತಗೊಳ್ಳುತ್ತಾರಾ?

ಸ್ವಿಚ್‌ಪ್ರೇಮಿ:
ಓರೆಯಾಗಿ ಒತ್ತಿದರೆ ಹಾಗೇ ಆಗೋದು. ಚಿಮಟದಲ್ಲಿ ನಿಧಾನಕ್ಕೆ ನೇರ ಮಾಡಿ, ಒಂದೆರಡು ಸಲ ತಡೆಯುತ್ತೆ, ಮೂರನೇ ಸಲಕ್ಕೆ ಮುರಿಯುತ್ತೆ. ರೆಡ್‌ನಲ್ಲೂ ಬರುತ್ತಿಲ್ಲ ಅಂದರೆ ನೀವು ಕೀಲಿಯನ್ನು ಪೂರ್ತಿ ಎತ್ತುತ್ತಿಲ್ಲ. ಟೈಪ್ ಮಾಡುವ ರೀತಿಯೇ ತಪ್ಪು.

ನಿಧಾನಗತಿ:
ಹದಿನೈದು ವರ್ಷದಿಂದ ಟೈಪ್ ಮಾಡುತ್ತಿದ್ದೇನೆ ಸರ್.

ಕಾಗುಣಿತ:
ಎಲ್ಲರೂ ಸ್ವಿಚ್ ಬಿಚ್ಚಿದಿರಿ, ಅವರು ಕೊಟ್ಟ ಪದಗಳನ್ನು ಯಾರೂ ಓದಲಿಲ್ಲ. ಅಕ್ಕ, ಹಳ್ಳಿ, ಕತ್ತೆ. ಮೂರೂ ಸಜಾತಿ ಒತ್ತು. ನಿಧಾನಗತಿಯವರೇ, ‘ಪುಸ್ತಕ’, ‘ಕಷ್ಟ’ ಹೊಡೆದರೆ ಸರಿ ಬರುತ್ತಾ?

ನಿಧಾನಗತಿ:
ಬರುತ್ತೆ! ಇದನ್ನು ಗಮನಿಸಿಯೇ ಇರಲಿಲ್ಲ. ಆದರೆ ನಿಮ್ಮ ಲೆಕ್ಕ ಪೂರ್ತಿ ಸರಿ ಇಲ್ಲ. ‘ಹೆಚ್ಚು’, ‘ಅಚ್ಚು’ ಕೂಡ ಸರಿಯಾಗಿ ಬರುತ್ತಿವೆ. ಅವೂ ಸಜಾತಿ ಅಲ್ವಾ?

ಕಾಗುಣಿತ:
ಅಲ್ಲೇ ಸಿಕ್ಕಿಬಿತ್ತು. ನೀವು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು ಕನ್ನಡ ಬರಿಸುವವರು, ಹೌದು ತಾನೆ? ಅಕ್ಕಕ್ಕೆ ಕೆ ಮೇಲೆ ಕೆ ಒತ್ತುತ್ತೀರಿ. ‘ಚ್ಚ’ಕ್ಕೆ ಸಿ, ಎಚ್, ಸಿ, ಎಚ್. ಅಲ್ಲಿ ಒಂದೇ ಕೀಲಿ ಬೆನ್ನಿಗೆ ಬೆನ್ನು ಬರುವುದೇ ಇಲ್ಲ. ಇನ್ನೆರಡು ಪ್ರಶ್ನೆ. ‘ಆ’ ಹೇಗೆ ಹೊಡೆಯುತ್ತೀರಿ? ಮತ್ತೆ, ಬ್ಯಾಕ್‌ಸ್ಪೇಸನ್ನು ಟಕಟಕ ಅಂತ ಐದು ಸಲ ಒತ್ತಿದರೆ ಎಷ್ಟು ಅಕ್ಷರ ಅಳಿಯುತ್ತೆ?

ನಿಧಾನಗತಿ:
ಶಿಫ್ಟ್ ಹಿಡಿದು ಒಂದೇ ಸಲ ಎ. ಎರಡು ಎ ಒತ್ತುವ ಅಭ್ಯಾಸ ಇಲ್ಲ.
ಬ್ಯಾಕ್‌ಸ್ಪೇಸ್ ಐದು ಸಲ ಒತ್ತಿದೆ. ಒಂದೇ ಅಕ್ಷರ ಹೋಯಿತು!! ತಡೆ ತಡೆದು ಒತ್ತಿದರೆ ಐದೂ ಹೋಗುತ್ತೆ.

ಕಾಗುಣಿತ:
ಎರಡು ಎ ಒತ್ತುವವರಾಗಿದ್ದರೆ ದೀರ್ಘಗಳೂ ಹೋಗಿ ಮೊದಲ ದಿನವೇ ಗೊತ್ತಾಗುತ್ತಿತ್ತು. ಕೀಬೋರ್ಡ್ ಸರಿಯಾಗೇ ಇದೆ. ವಿಂಡೋಸಿನಲ್ಲಿ ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಕೀಬೋರ್ಡ್, ಅಲ್ಲಿ ಫಿಲ್ಟರ್ ಕೀಸ್ ನೋಡಿ. ಆನ್ ಇದೆಯಾ? ಅದರೊಳಗೆ ಬೌನ್ಸ್ ಕೀಸ್ ಅಂತ ಒಂದಿದೆ. ಕೈ ನಡುಗುವವರಿಗೆ ಬೇಡದೆ ಎರಡು ಸಲ ಅಕ್ಷರ ಬೀಳದಿರಲಿ ಅಂತ ಇಟ್ಟಿರುವುದು. ಅದರಲ್ಲಿ ಹಾಕಿಟ್ಟಷ್ಟು ಹೊತ್ತಿನೊಳಗೆ ಅದೇ ಕೀಲಿ ಮತ್ತೆ ಒತ್ತಿದರೆ ಕಂಪ್ಯೂಟರ್ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅಂದಹಾಗೆ, ಹಳೇ ಕೀಬೋರ್ಡ್ ಯಾಕೆ ಬಿಟ್ಟಿರಿ?

ನಿಧಾನಗತಿ:
ಆನ್ ಇದೆ. ಅರ್ಧ ಸೆಕೆಂಡ್ ಅಂತ ಇದೆ.
ಹಳೇದು ಒಂದು ಒತ್ತಿದರೆ ಎರಡು ಹೊಡೆಯುತ್ತಿತ್ತು. ಹೊಸದು ಬರುವ ತನಕ ಇರಲಿ ಅಂತ ನನ್ನ ತಮ್ಮ ಏನೋ ಸೆಟ್ಟಿಂಗ್ ಮಾಡಿಕೊಟ್ಟಿದ್ದ. ಎರಡೇ ದಿನ ಬಳಸಿದ್ದು, ಮೂರನೇ ದಿನ ಇದು ಬಂತು. ಇದನ್ನೂ ಹೇಳಬೇಕು ಅಂತ ಹೊಳೆಯಲೇ ಇಲ್ಲ.

ಡಯೋಡು:
ನೋಡಿ, ಇಷ್ಟೇ. ಸ್ವಿಚ್ಚಿನ ಒಳಗೆ ಲೋಹದ ಎಲೆ ಎಲೆಗೆ ತಾಗುವಾಗ ಒಂದೇ ಸಲಕ್ಕೆ ಕೂರುವುದಿಲ್ಲ, ಪುಟಿಯುತ್ತದೆ. ಅದಕ್ಕೇ ಕೀಬೋರ್ಡಿನ ಫರ್ಮ್‌ವೇರ್, ಅಂದರೆ ಅದರೊಳಗಿನ ತಂತ್ರಾಂಶ, ಒಂದಿಷ್ಟು ಹೊತ್ತು ಕಾಯುತ್ತದೆ, ಕ್ಯುಎಂಕೆ ಅನ್ನುವ ಫರ್ಮ್‌ವೇರಿನಲ್ಲಿ ಸಾಮಾನ್ಯವಾಗಿ 5 ಮಿಲಿಸೆಕೆಂಡ್. ಎಲೆ ಸವೆದು ಅದಕ್ಕಿಂತ ಜಾಸ್ತಿ ಪುಟಿದರೆ ಎರಡೆರಡು ಅಕ್ಷರ, ನಿಮ್ಮ ಹಳೇದರ ರೋಗ ಬಹುಶಃ ಅದೇ. ತಮ್ಮ ಹಾಕಿದ ಮದ್ದು 500 ಮಿಲಿಸೆಕೆಂಡ್. ಇಲಿ ಕಾಟಕ್ಕೆ ಮನೆಗೆ ಬೆಂಕಿ ಇಟ್ಟ ಹಾಗೆ.

ಎಫ್‌ಒತ್ತು:
ಇದಕ್ಕೇ ನಾನು ಹೇಳೋದು, ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ಕಲಿಯಿರಿ ಅಂತ. ಅಕ್ಕಕ್ಕೆ ಕೆ, ಎಫ್, ಕೆ. ನಡುವೆ ಎಫ್ ಇರುವುದರಿಂದ ಈ ತೊಂದರೆ ಕಾಣಿಸುತ್ತಲೇ ಇರಲಿಲ್ಲ.

ಡಯೋಡು:
ಕಾಣಿಸುತ್ತಿರಲಿಲ್ಲ ನಿಜ. ಬ್ಯಾಕ್‌ಸ್ಪೇಸ್ ಯಾವ ವಿನ್ಯಾಸದಲ್ಲಿ ಒತ್ತುತ್ತೀರಿ?

ಎಫ್‌ಒತ್ತು:
ಕಲಿತವರಿಗೆ ಬ್ಯಾಕ್‌ಸ್ಪೇಸ್ ಬೇಕಾಗಲ್ಲ.

ನಿಧಾನಗತಿ:
ಆಫ್ ಮಾಡಿದೆ. ಈಗ ಹೊಸ ಕೀಬೋರ್ಡಿನಿಂದಲೇ ಬರೆಯುತ್ತಿದ್ದೇನೆ. ಅಕ್ಕ. ಹಳ್ಳಿ. ಕತ್ತೆ. ಕತ್ತೆ. ಕತ್ತೆ. ಕಾಗುಣಿತದವರಿಗೆ ದೊಡ್ಡ ನಮಸ್ಕಾರ. ಕಾಲು ನೇರ ಮಾಡಿ ಬಿಳಿ ಸ್ವಿಚ್ ವಾಪಸ್ ಹಾಕಿದೆ, ಕೆಲಸ ಮಾಡುತ್ತಿದೆ.

ಈಗ ಇಟ್ಟುಕೊಳ್ಳಲಾ ಬೇಡವಾ? ಟೈಪ್‌ರೈಟರ್ ಥರ ಗುಂಡು ಕೀಲಿ ಇರುವ ಇನ್ನೊಂದು ಮಾಡೆಲ್ ಕೂಡ ಕಣ್ಣು ಕುಕ್ಕುತ್ತಿದೆ.

ಕಾಗುಣಿತ:
ಗುಂಡು ಕೀಲಿಗೆ ಹೋಗಬೇಡಿ. ಫೋಟೋದಲ್ಲಿ ಚೆಂದ, ಅಷ್ಟೇ. ನಾನು ಒಂದು ತಿಂಗಳು ಬಳಸಿದೆ. ಚೌಕ ಕೀಲಿಯ ಅಂಚಿಗೆ ಬೆರಳು ಬಿದ್ದರೂ ಅಕ್ಷರ ಬೀಳುತ್ತೆ. ಗುಂಡಿನಲ್ಲಿ ಆ ಮೂಲೆಗಳೇ ಇಲ್ಲ, ಬೆರಳು ಸಂದಿಗೆ ಜಾರುತ್ತೆ, ಉಗುರು ಸಿಕ್ಕಿಕೊಳ್ಳುತ್ತೆ. ಎಂಟು ಗಂಟೆ ಟೈಪ್ ಮಾಡುವವರಿಗಂತೂ ಬೇಡವೇ ಬೇಡ. ಎತ್ತರವೂ ನೋಡಿಕೊಳ್ಳಿ. ಹಳೇ ಟರ್ಮಿನಲ್ ನೆನಪಿಸುವ ಎಸ್‌ಎ ಪ್ರೊಫೈಲಿನಲ್ಲಿ (ಪ್ರೊಫೈಲ್ ಅಂದರೆ ಕೀಲಿಯ ಎತ್ತರ, ಆಕಾರ) ಮೇಲಿನ ಸಾಲು ಸುಮಾರು 16 ಮಿ.ಮೀ. ಮುಟ್ಟುತ್ತೆ, ಮಣಿಕಟ್ಟಿನ ಕೆಳಗೆ ದಿಂಬು ಇಲ್ಲದಿದ್ದರೆ ಸಂಜೆಗೆ ನೋವು. ಚೆರಿ ಪ್ರೊಫೈಲ್ ಅದರ ಅರ್ಧಕ್ಕಿಂತ ಚೂರು ಜಾಸ್ತಿ. ಬಣ್ಣ ರೆಟ್ರೊ ಇರಲಿ, ಕೀಲಿಯ ಆಕಾರ ಮಾಮೂಲಿ ಇರಲಿ. ನಿಮ್ಮ ಹತ್ತಿರ ಇರುವುದು ಅದೇ ಅಲ್ವಾ?

ಸ್ವಿಚ್‌ಪ್ರೇಮಿ:
ಕೀಲಿಯ ಪ್ಲಾಸ್ಟಿಕ್ ಎಬಿಎಸ್ಸಾ ಪಿಬಿಟಿನಾ ನೋಡಿ. ಎಬಿಎಸ್ ಆದರೆ ಬೇಗ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತೆ. ರೆಡ್ ಬಗ್ಗೆ ನಾನು ಹೇಳಿದ್ದು ತಪ್ಪೇನಲ್ಲ, ಇವರ ವಿಷಯದಲ್ಲಿ ಕಾರಣ ಬೇರೆ ಇತ್ತು ಅಷ್ಟೇ.

ನಿಧಾನಗತಿ:
ಇಟ್ಟುಕೊಳ್ಳುತ್ತೇನೆ. ಒಂದೇ ಸಣ್ಣ ವಿಷಯ. ಸ್ಪೇಸ್‌ಬಾರ್ ಮಾತ್ರ ಗಲಗಲ ಅನ್ನುತ್ತೆ, ಡಬ್ಬಿಯಲ್ಲಿ ಕಾಳು ಅಲ್ಲಾಡಿಸಿದ ಹಾಗೆ. ಇದೂ ಯಾವುದಾದರೂ ಸೆಟ್ಟಿಂಗಾ?

ಸ್ವಿಚ್‌ಪ್ರೇಮಿ:
ಸ್ಟೆಬಿಲೈಸರ್!! ಉದ್ದ ಕೀಲಿ ಓಲಾಡದಂತೆ ಹಿಡಿಯುವ ಭಾಗ. ಅದರ ತಂತಿಯ ಎರಡೂ ತುದಿಗೆ ಗ್ರೀಸ್ ಹಚ್ಚಬೇಕು. ಮೊದಲು ಇಡೀ ಬೋರ್ಡ್ ಬಿಚ್ಚಿ.

ಡಯೋಡು:
ಬಿಚ್ಚಬೇಡಿ. ಸ್ಪೇಸ್‌ಬಾರ್ ಮೇಲಕ್ಕೆ ಕಿತ್ತರೆ ತಂತಿಯ ತುದಿ ಕಾಣುತ್ತೆ, ಕಡ್ಡಿಯಲ್ಲಿ ಅಲ್ಲಿಗೇ ಹಚ್ಚಿ. ಬೇರೆ ಎಳೆ ತೆರೆಯಿರಿ, ಅಲ್ಲಿ ಹೇಳುತ್ತೇನೆ. ಮತ್ತೆ ಈ ಸಲ ಎಲ್ಲ ವಿವರ ಮೊದಲೇ ಬರೆಯಿರಿ.

ಬಕ್ಲಿಂಗ್‌ಭಟ್ಟ:
ನನ್ನದರ ಸ್ಪೇಸ್‌ಬಾರ್ ಮೂವತ್ತು ವರ್ಷ ಮೀರಿದರೂ ಗಲಗಲ ಅಂದಿಲ್ಲ. ಫೋಟೋ ಹಾಕಲಾ?